ಆನೆಗೊಂದಿಯ ಹೊಳೆದಂಡೆ: ನಡೆಯಲು ಬಂದವರು ಸ್ವಲ್ಪ ಬದಿಗೆ ನಿಲ್ಲಿ

ಗಂಗಾವತಿಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಬೆಳಗಿನ ನಡಿಗೆಯ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಕೊಟ್ಟ ವಿಷಯ ಸರಳವಾದದ್ದು: ಆನೆಗೊಂದಿಯಲ್ಲಿ, ತುಂಗಭದ್ರಾ ಹೊಳೆಯ ದಂಡೆಯ ಮೇಲೆ, ಮರಗಳ ನೆರಳಿನಲ್ಲಿ ನಡೆದು, ಹೊರಟಲ್ಲಿಗೇ ಮರಳಿ ಬರುವಂಥ ಒಂದು ಸುಲಭದ ಸುತ್ತಿನ ಬಗ್ಗೆ ಹೇಳಬೇಕು. ಹೇಳುತ್ತೇನೆ. ದಾರಿ ಸುಲಭದ್ದೇ, ವಿವರಿಸಲು ಐದು ನಿಮಿಷ ಸಾಕು. ಉಳಿದ ಸಮಯವನ್ನು ಆ ದಾರಿಯಲ್ಲಿ ನಮಗಿಂತ ಮೊದಲಿನಿಂದ ಓಡಾಡುತ್ತಿರುವವರಿಗೆ ಕೊಡುತ್ತೇನೆ. ಕುರಿ ಕಾಯುವವರು, ಬಾಳೆಗೊನೆ ಹೊರುವವರು, ಬಟ್ಟೆಯ ಗಂಟು ಹೊತ್ತು ಹೊಳೆಗೆ ಇಳಿಯುವವರು, ಬಲೆ ಹೆಗಲಿಗೆ ಹಾಕಿಕೊಂಡು ಹೋಗುವವರು ದಿನವೂ ತುಳಿಯುವುದರಿಂದ ಅದು ದಾರಿಯಾಗಿ ಉಳಿದಿದೆ. ಭಾನುವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಹೋಗುವ ನಾವು ಆ ಸಾಲಿನಲ್ಲಿ ಕೊನೆಯವರು. ಇಷ್ಟನ್ನು ಒಪ್ಪಿಕೊಂಡರೆ ನಾನು ಮುಂದೆ ಹೇಳುವ ಅರ್ಧ ಮಾತು ನಿಮಗೆ ಈಗಲೇ ತಿಳಿದಂತೆ.

ಮೊದಲು ದಾರಿ. ಆನೆಗೊಂದಿಯ ನಡುವೆ ಗಗನ ಮಹಲ್ ಎಂಬ ಹಳೆಯ ಅರಮನೆ ಇದೆ, ಅದರ ಹತ್ತಿರವೇ ರಂಗನಾಥನ ಗುಡಿ. ಅಲ್ಲಿಂದ ದೋಣಿ ಕಟ್ಟುವ ದಡಕ್ಕೆ ಇಳಿಯಿರಿ. ಅಲ್ಲಿಂದ ಹೊಳೆಯನ್ನು ಬಲಗಡೆಗೆ ಇಟ್ಟುಕೊಂಡು ಹರಿವಿನ ದಿಕ್ಕಿಗೇ ನಡೆದರೆ ಚಿಂತಾಮಣಿಯ ಗುಡಿ ಸಿಗುತ್ತದೆ. ಇನ್ನೂ ಮುಂದೆ ಹೋದರೆ ನವವೃಂದಾವನದ ನಡುಗಡ್ಡೆಗೆ ದೋಣಿ ಹತ್ತುವ ಜಾಗ. ಅಲ್ಲಿಂದ ಹೊಳೆಗೆ ಬೆನ್ನು ಮಾಡಿ ಬಾಳೆತೋಟಗಳ ನಡುವಿನ ಬಂಡಿದಾರಿ ಹಿಡಿದರೆ, ಕಾಲುವೆಯ ಏರಿ ದಾಟಿ, ಗದ್ದೆ ಬಯಲಿನ ಮೇಲೆ ಮತ್ತೆ ಊರು ಸೇರುತ್ತೀರಿ. ನಿಧಾನವಾಗಿ, ನಿಂತು ನೋಡುತ್ತಾ ನಡೆದರೆ ಅರ್ಧ ಬೆಳಗು ಹಿಡಿಯುತ್ತದೆ. ಏರು ಇಲ್ಲವೆಂದೇ ಹೇಳಬೇಕು. ಅಂಜನಾದ್ರಿಯ 575 ಮೆಟ್ಟಿಲು ಹತ್ತಲಾಗದ ಮೊಣಕಾಲಿನವರೂ ಇಲ್ಲಿ ಆರಾಮವಾಗಿ ನಡೆಯಬಹುದು.

ದಡದ ಬಂಡೆಗಳ ಬಗ್ಗೆ ಕೇಳುವವರು ಬಹಳ. ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರದ ಬಂಡೆಗಳೂ ಇದೇ ಪಟ್ಟಿಗೆ ಸೇರಿದವು. ಯಾರೋ ತಂದು ಪೇರಿಸಿದಂತೆ ಕಾಣುತ್ತವೆ, ಆದರೆ ಯಾರೂ ಪೇರಿಸಿಲ್ಲ. ಒಂದೇ ಕಲ್ಲು ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ಇಳಿದು, ಮೂಲೆಗಳು ಮೊದಲು ಸವೆದು ಗುಂಡಗಾದದ್ದು ಅಷ್ಟೇ. ಇದೇ ಕಿಷ್ಕಿಂಧೆ ಎನ್ನುವ ವಾಲಿ ಸುಗ್ರೀವರ ಕಥೆ ಬೇಕಾದವರು ದೋಣಿಯವರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮರಗಳ ಬಗ್ಗೆ ಮಾತ್ರ ಅವಸರ ಮಾಡುವುದಿಲ್ಲ. ಹೊಳೆಗೆ ಅಂಟಿಕೊಂಡು ನಿಂತಿರುವ, ಬೂದುಬಿಳಿ ಬಣ್ಣದ ನುಣುಪು ಕಾಂಡದ ದೊಡ್ಡ ಮರವನ್ನು ಕಂಡರೆ ಹತ್ತಿರ ಹೋಗಿ. ಅದು ಹೊಳೆಮತ್ತಿ. ತೊಗಟೆ ತೆಳುವಾದ ಹಪ್ಪಳೆಗಳಾಗಿ ಕಳಚುತ್ತದೆ; ಕಳಚಿದ ಕಡೆ ಹೊಸ ತೊಗಟೆ ತಿಳಿ ಬಣ್ಣದಲ್ಲಿ ಕಾಣುತ್ತದೆ. ಬುಡದಲ್ಲಿ ಒಣಗಿ ಬಿದ್ದ ಕಾಯಿ ಸಿಕ್ಕರೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಉದ್ದಕ್ಕೆ ಐದು ರೆಕ್ಕೆಗಳಿರುತ್ತವೆ. ಅದರ ಪಕ್ಕದಲ್ಲಿ ಹೊಂಗೆ. ರಸ್ತೆಬದಿಯಲ್ಲಿ ನೋಡಿ ನೋಡಿ ನಾವು ಹೊಂಗೆಯನ್ನು ರಸ್ತೆಯ ಮರ ಎಂದುಕೊಂಡಿದ್ದೇವೆ. ಅದರ ತವರು ಹೊಳೆದಂಡೆ. ಕಾಯಿ ನೀರಿನಲ್ಲಿ ತೇಲಿ ಹೋಗಿ ಇನ್ನೊಂದು ದಡ ಹಿಡಿಯುತ್ತದೆ, ಬೇರು ಕುಸಿಯುವ ಮಣ್ಣನ್ನು ಹಿಡಿದಿಡುತ್ತದೆ. ಸ್ವಲ್ಪ ಒಳಗೆ ನೇರಳೆ, ಅತ್ತಿ, ಹುಣಸೆ, ಬೇವು. ನೀರಿನ ಅಂಚಿಗೆ ಜೊಂಡು, ಲಕ್ಕಿಯ ಪೊದೆ.

ಇವುಗಳ ನಡುವೆ ಕರೆಯದೆ ಬಂದ ಒಬ್ಬ ಅತಿಥಿ ಇದ್ದಾನೆ, ನಮ್ಮ ನೆರೆಯ ಜಿಲ್ಲೆಯ ಹೆಸರು ಹೊತ್ತವನು: ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಮೂಲ ಅಮೆರಿಕ ಖಂಡದ್ದು. 19ನೇ ಶತಮಾನದಲ್ಲಿ ಭಾರತಕ್ಕೆ ತರಲಾಯಿತು. ದಂಡೆಯಲ್ಲಿ ಜನ ಓಡಾಟ ನಿಲ್ಲಿಸಿದ ತುಂಡು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ, ಜಾಲಿ ತೋರಿಸುತ್ತದೆ. ಮೊದಲ ಮಳೆಗಾಲದಲ್ಲಿ ಮೊಣಕಾಲೆತ್ತರ, ಎರಡು ಮೂರು ವರ್ಷಕ್ಕೆ ತಲೆಯ ಮೇಲೆ. ಆಮೇಲೆ ಕುಡುಗೋಲು ಹಿಡಿಯದೆ ಅಲ್ಲಿ ಯಾರೂ ನುಗ್ಗಲಾರರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ದಾರಿಯನ್ನು ತುಳಿದು ತೆರೆದಿಡುವ ಕುರಿ ಮೇಕೆಗಳೇ ಜಾಲಿಯ ಸಿಹಿಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಊರೆಲ್ಲ ಹಂಚುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ವ್ಯವಹಾರ. ಆದರೂ ಲೆಕ್ಕ ಹಾಕಿದರೆ ದಾರಿಗೆ ಕುರಿಗಳಿಂದ ಲಾಭವೇ ಹೆಚ್ಚು ಎಂಬುದು ನನ್ನ ಅಂದಾಜು.

ನಾನು ಸರ್ವೆಯರ್ ಆಗಿ ನಿವೃತ್ತನಾದವನು. ಹಳೆಯ ಚಾಳಿ, ಕಾಲಿನ ಕೆಳಗಿನ ದಾರಿ ನಕಾಶೆಯಲ್ಲಿ ಇದೆಯೇ ಎಂದು ಮನಸ್ಸು ಕೇಳುತ್ತದೆ. ನಮ್ಮ ಗ್ರಾಮ ನಕಾಶೆಗಳಲ್ಲಿ ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ. ನಾವು ಕೆಲಸ ಕಲಿತಾಗ ಅಳತೆಗೆ ಕಬ್ಬಿಣದ ಸರಪಳಿ: 33 ಅಡಿ ಉದ್ದ, ಅದರಲ್ಲಿ ಆಣೆ ಎಂಬ 16 ಸಮಭಾಗ. ಈಗ ಉಪಗ್ರಹ ನೋಡಿ ಅಳೆಯುತ್ತಾರೆ, ಒಳ್ಳೆಯದೇ. ಆದರೆ ಚುಕ್ಕೆಗೆರೆಯ ಬೆಲೆ ಕಡಿಮೆಯಾಗಿಲ್ಲ. ಒಬ್ಬರ ಪಹಣಿಯ ಜಮೀನಿನೊಳಗೆ ಹಾದುಹೋದರೂ ನಕಾಶೆಯಲ್ಲಿ ದಾಖಲಾದ ದಾರಿಗೆ ತಂತಿಬೇಲಿ ಹಾಕಿ ಮುಚ್ಚುವಂತಿಲ್ಲ. ನಕಾಶೆಯಲ್ಲಿ ಇಲ್ಲದ ದಾರಿಗೂ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆ, ಅಂದರೆ ವಕೀಲರ ಬಾಯಲ್ಲಿ ಈಸ್‌ಮೆಂಟ್ ಕಾಯ್ದೆ, ಅದರ 15ನೇ ಕಲಮಿನ ಪ್ರಕಾರ ಬೇರೆಯವರ ಜಮೀನಿನಲ್ಲಿ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದವರಿಗೆ ಆ ದಾರಿಯ ಹಕ್ಕು ಗಟ್ಟಿಯಾಗುತ್ತದೆ. ಇಲ್ಲಿ ಓಡಾಟವೇ ಸಾಕ್ಷಿ. ಓಡಾಟ ನಿಂತರೆ ಒಂದು ಕಡೆ ಜಾಲಿ ಬೆಳೆಯುತ್ತದೆ, ಇನ್ನೊಂದು ಕಡೆ ಸಾಕ್ಷಿ ತೆಳುವಾಗುತ್ತದೆ. ನಿಮ್ಮ ಊರಿನ ದಾರಿ ಯಾವ ಸರ್ವೆ ನಂಬರಿನಲ್ಲಿದೆ ಎಂದು ತಿಳಿಯಬೇಕಾದರೆ ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನೋಡಿ. ನಿಂತ ಜಾಗದ ನಂಬರು ಅಲ್ಲೇ ತೋರಿಸುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠವಿಲ್ಲ.

ದೋಣಿಯ ದಡದಲ್ಲಿ ನಿಂತಾಗ ನೋಡಬೇಕಾದದ್ದು ಎರಡು ಸೇತುವೆಗಳು. ಎರಡರ ಮೇಲೂ ದಾಟಲು ಬರುವುದಿಲ್ಲ. ಮೇಲ್ಗಡೆ, ಆಚೆ ದಡದ ವಿಠ್ಠಲ ದೇವಸ್ಥಾನದ ದಿಕ್ಕಿಗೆ, ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರದ ಕಾಲದ ಸೇತುವೆಯದು. ಇನ್ನೊಂದು ನಮ್ಮ ಕಾಲದ್ದು. ಆಚೆ ದಡದ ತಳವಾರಘಟ್ಟಕ್ಕೂ ಆನೆಗೊಂದಿಗೂ ವಾಹನ ಸೇತುವೆ ಕಟ್ಟಲು ಹೊರಟಾಗ, ಭಾರಿ ವಾಹನಗಳು ಹಂಪಿಯೊಳಗೆ ನುಗ್ಗುತ್ತವೆ ಎಂಬ ಆತಂಕದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೆಸರು ತೆಗೆದದ್ದು 2006ರಲ್ಲಿ. ಮುಂದೆ 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿದ್ದಾಗಲೇ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಈಗ ವಾಹನಗಳಿಗೆ ಕೆಳಗಡೆ ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ ಬೇರೆ ಸೇತುವೆ ಇದೆ. ಪಾರಂಪರಿಕ ತಾಣ ಮುಖ್ಯವೋ, ಆಚೆ ದಡದ ಆಸ್ಪತ್ರೆಗೆ ಬೇಗ ಮುಟ್ಟುವುದು ಮುಖ್ಯವೋ ಎಂಬ ಜಗಳವನ್ನು ಇಲ್ಲಿನ ಜನ ವರ್ಷಗಟ್ಟಲೆ ಅನುಭವಿಸಿದ್ದಾರೆ. ಹೊರಗಿನಿಂದ ಬಂದವರು ದಡದಲ್ಲಿ ನಿಂತು, ಸೇತುವೆ ಇಲ್ಲದಿದ್ದರೇ ಚೆಂದ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಈಗ ಮುಖ್ಯ ವಿಷಯ. ಒಂದೇ ದಾರಿ, ಎಷ್ಟೋ ಕಡೆ ಎರಡೇ ಮಾರು ಅಗಲ. ಅದರಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ನಾನು ಪಾಲಿಸುವ ನಿಯಮ ಒಂದೇ: ಹೊರೆ ಇದ್ದವರು ಮುಂದೆ. ಬಾಳೆಗೊನೆ ಹೊತ್ತವರು ಎದುರು ಬಂದರೆ, ಅವರ ಹೆಜ್ಜೆ ತಪ್ಪಿಸದೆ, ದೂರದಲ್ಲೇ ಬದಿಗೆ ಸರಿದು ನಿಲ್ಲಿ. ಹೊರೆ ಹೊತ್ತವರಿಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ತಲೆಯ ಮೇಲೆ ಹುಲ್ಲಿನ ಹೊರೆ ಇರುವ ಹೆಂಗಸರಿಗೆ ನೀವು ಕಾಣುವುದೇ ಇಲ್ಲ, ನಿಮ್ಮ ಪಾದ ಮಾತ್ರ ಕಾಣುತ್ತದೆ. "ಅಕ್ಕಾ, ನಾವು ಇಲ್ಲಿ ಬಲಕ್ಕೆ ನಿಂತಿದ್ದೇವೆ" ಎಂದು ಬಾಯಿಬಿಟ್ಟು ಹೇಳಿ.

ಕುರಿಮಂದೆ ಬೇರೆ ಲೆಕ್ಕ. ಕಾಲುವೆಯ ಏರಿಯ ಮೇಲೆ ಮಂದೆ ಎದುರಾದರೆ ನಡುವೆ ನುಗ್ಗಿ ದಾಟುವ ಆಸೆ ಬೇಡ. ಮಂದೆ ಒಡೆದು ಅರ್ಧ ಕುರಿ ಭತ್ತದ ಗದ್ದೆಗೆ ಇಳಿದರೆ ಗದ್ದೆಯವರ ಬೈಗುಳ ಕೇಳಬೇಕಾದವನು ಕುರಿಗಾಹಿ, ನೀವಲ್ಲ. ಯಾವ ಕಡೆ ನಿಲ್ಲಬೇಕೆಂದು ಅವನನ್ನೇ ಕೇಳಿ: "ಅಣ್ಣಾ, ಗದ್ದೆಯ ಬದಿಗೆ ನಿಲ್ಲಲೇ, ನೀರಿನ ಬದಿಗೆ ನಿಲ್ಲಲೇ?" ಬಹುಪಾಲು ಗದ್ದೆಯ ಬದಿ ಎನ್ನುತ್ತಾನೆ. ಆಗ ನೀವೇ ಒಂದು ಬೇಲಿಯಾಗಿ ನಿಲ್ಲುತ್ತೀರಿ, ಕುರಿಗಳು ಬೆಳೆಗೆ ಇಳಿಯುವುದಿಲ್ಲ. ಮುಂದಿನ ಕುರಿ ನಿಮ್ಮನ್ನು ಕಂಡು ನಿಲ್ಲುತ್ತದೆ, ಹಿಂದಿನವು ಅದರ ಬೆನ್ನಿಗೆ ಬಂದು ಒತ್ತುತ್ತವೆ, ಧೂಳು ಏಳುತ್ತದೆ. ಕದಲಬೇಡಿ, ಫೋಟೊಕ್ಕೆಂದು ಕೂರಬೇಡಿ. ಒಂದು ದಾಟಿತೆಂದರೆ ಉಳಿದವು ತಾವಾಗಿ ಹರಿಯುತ್ತವೆ. ಮಂದೆಯ ನಾಯಿ ಕೊನೆಯಲ್ಲಿ ಬರುತ್ತದೆ. ಅದರ ಕಡೆಗೆ ಕೈ ಚಾಚುವ ಪ್ರೀತಿ ಬೇಡ, ಅದು ಕೆಲಸದ ಮೇಲಿದೆ.

ನವವೃಂದಾವನದ ದಾರಿಯಲ್ಲಿ ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಬರುವವರು ಸಿಗುತ್ತಾರೆ. ಪದ್ಮನಾಭತೀರ್ಥರು, ವ್ಯಾಸರಾಯರು ಸೇರಿದಂತೆ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು ನಡುಗಡ್ಡೆಯಲ್ಲಿವೆ. ಮಡಿಯ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಅದನ್ನು ಚರ್ಚಿಸುವ ಜಾಗ ಎರಡು ಮಾರು ಅಗಲದ ದಾರಿಯಲ್ಲ. ಬದಿಗೆ ಸರಿದರೆ ಮುಗಿಯಿತು. ಬರಿಗಾಲಿನವರಿಗೆ ನಾವು ಮಾಡಬಹುದಾದ ನಿಜವಾದ ಉಪಕಾರ ಬೇರೆ ಇದೆ: ದಾರಿಗೆ ಬಿದ್ದ ಜಾಲಿಯ ಕೊಂಬೆ ಕಂಡರೆ ಪಕ್ಕಕ್ಕೆ ಎಳೆದುಹಾಕುವುದು, ಗಾಜಿನ ಚೂರು ಕಂಡರೆ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುವುದು.

ಸೈಕಲ್ ಸವಾರರೇ, ನೀವು ನಡೆಯುವವರಿಗೆ ದಾರಿ ಬಿಡಬೇಕು. ತಿರುವಿನಲ್ಲಿ ಗಂಟೆ ಬಾರಿಸಿ, ಎತ್ತುಗಳ ಹಿಂದೆ ಬಂದರೆ ಬಾರಿಸದೆ ಇಳಿದು ತಳ್ಳಿ. ಎತ್ತು ಬೆದರಿದರೆ ಬಂಡಿ ಕಾಲುವೆಗೆ ಇಳಿಯುತ್ತದೆ. ಜಾಲಿಯ ಮುಳ್ಳು ಟ್ಯೂಬಿಗೆ ದಯೆ ತೋರಿಸುವುದಿಲ್ಲ, ಪಂಕ್ಚರ್ ಸಾಮಾನು ಜೊತೆಗಿರಲಿ. ಬಾಡಿಗೆಯ ಮೊಪೆಡ್ ಹತ್ತಿ ಬರುವ ಪ್ರವಾಸಿಗರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಡಾಂಬರು ರಸ್ತೆ ಅಷ್ಟು ಹತ್ತಿರವಿರುವಾಗ ದಂಡೆಗೆ ಏಕೆ ಇಳಿಸಬೇಕು? ರೈತರ ಬೈಕಿಗೆ ಈ ಮಾತು ಅನ್ವಯಿಸುವುದಿಲ್ಲ, ಅದರ ಹಿಂದೆ ಗೊಬ್ಬರದ ಚೀಲ ಇರುತ್ತದೆ. ಆದರೆ ಗದ್ದೆ ಕೆಸರು ಮಾಡುವ ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ಟ್ರ್ಯಾಕ್ಟರನ್ನು ದಾರಿಯ ಮೇಲೆ ಓಡಿಸುವ ರೈತ ಬಾಂಧವರಿಗೂ ಒಂದು ವಿನಂತಿ: ಒಂದು ಸಲ ಹಾಗೆ ಓಡಿಸಿದರೆ ಆ ಗುಣಿಗಳು ಮುಂದಿನ ಮಳೆಯವರೆಗೂ ಎಲ್ಲರ ಪಾದ ಹೊರಳಿಸುತ್ತವೆ.

ದಾರಿಯನ್ನು ಹಂಚಿಕೊಳ್ಳುವವರಲ್ಲಿ ಮಾತನಾಡದವರೂ ಇದ್ದಾರೆ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ನೀರುನಾಯಿಗೆಂದೇ ಮೀಸಲಾದ, ದೇಶದ ಮೊದಲ ಪ್ರದೇಶ ಇದು, ಆನೆಗೊಂದಿ ಇದರ ನಡುವೆಯೇ ಬರುತ್ತದೆ. ಪ್ರಾಣಿ ಕಾಣುವುದು ಅದೃಷ್ಟದ ಮಾತು. ಬೆಳಗಿನ ಹೊತ್ತು ಗುಂಪಾಗಿ ಮೀನು ಬೇಟೆಗೆ ಇಳಿಯುತ್ತವೆ, ನೀರಿನ ಮೇಲೆ ಚಪ್ಪಟೆ ತಲೆಗಳು ಮಾತ್ರ ಕಾಣುತ್ತವೆ. ಗುರುತು ಕಾಣುವುದು ಸುಲಭ. ನೀರಿಗೆ ಚಾಚಿದ ಚಪ್ಪಟೆ ಬಂಡೆಯ ಮೇಲೆ ಕಪ್ಪಗೆ, ಒಣಗಿದಾಗ ಬೂದು ಬಣ್ಣಕ್ಕೆ ತಿರುಗಿದ ಹಿಕ್ಕೆ ಇರುತ್ತದೆ. ಕಡ್ಡಿಯಿಂದ ಕೆದಕಿದರೆ ಮೀನಿನ ಹುರುಪೆ ಮಿಂಚುತ್ತದೆ, ಏಡಿಯ ಚಿಪ್ಪಿನ ಚೂರು ಸಿಗುತ್ತದೆ, ಹಸಿಯಾಗಿದ್ದರೆ ಮೀನಿನ ವಾಸನೆ ಹೊಡೆಯುತ್ತದೆ. ಅವು ಅದೇ ಬಂಡೆಗೆ ಮತ್ತೆ ಮತ್ತೆ ಬರುತ್ತವೆ, ಇದು ನಮ್ಮ ಜಾಗ ಎಂದು ಉಳಿದ ಗುಂಪುಗಳಿಗೆ ತಿಳಿಸುವ ಕ್ರಮ ಅದು. ಆ ಬಂಡೆಯ ಮೇಲೆ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಬೇಡಿ. ಬಂಡೆಗಳಿಗೆ ಇಲ್ಲಿ ಬರಗಾಲವಿಲ್ಲ.

ಈ ಮೀಸಲಿನ ಕಾನೂನು ನನಗೆ ಇಷ್ಟವಾಗಲು ಕಾರಣ ಇದೆ. ರಾಷ್ಟ್ರೀಯ ಉದ್ಯಾನದಂತೆ ಜನರನ್ನು ಹೊರಗೆ ಕಳುಹಿಸಿ ಬಾಗಿಲು ಹಾಕುವ ವ್ಯವಸ್ಥೆ ಇದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 36ಎ ಕಲಮಿನಂತೆ, ಸ್ಥಳೀಯರ ಜೊತೆ ಸಮಾಲೋಚಿಸಿ ಸರ್ಕಾರದ ಜಾಗವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು. ಮೀನುಗಾರರ ತೆಪ್ಪವೂ ಇರುತ್ತದೆ, ನೀರುನಾಯಿಯೂ ಇರುತ್ತದೆ. ಹೊರಗಿರಬೇಕಾದದ್ದು ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಮತ್ತು ಕಳ್ಳತನದಿಂದ ಮರಳು ಎತ್ತುವವರು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲಿ ಹಲವರ ಬೇಡಿಕೆಗೆ ಬರುತ್ತೇನೆ: ದಂಡೆಯ ಉದ್ದಕ್ಕೂ ಟೈಲ್ಸ್ ಹಾಕಿ, ಕಂಬಿ ನೆಟ್ಟು, ದೀಪ ಹಚ್ಚಿ ವಾಕಿಂಗ್ ಟ್ರ್ಯಾಕ್ ಮಾಡಿ ಎಂಬ ಬೇಡಿಕೆ. ನನಗೆ ಇದು ಒಪ್ಪಿಗೆಯಿಲ್ಲ. ಒಳ್ಳೆಯ ಮಳೆಯಾದ ವರ್ಷ ಇಲ್ಲಿ ಹೊಳೆ ದಂಡೆಯ ಮೇಲೆ ಬರುತ್ತದೆ. ಟೈಲ್ಸಿನ ಕೆಳಗಿನ ಮರಳು ಮೊದಲು ಹೋಗುತ್ತದೆ, ಟೈಲ್ಸ್ ಆಮೇಲೆ. ನುಣುಪು ನೆಲದ ಮೇಲೆ ಎತ್ತಿನ ಗೊರಸು ಜಾರುತ್ತದೆ, ಆದ್ದರಿಂದ ಎತ್ತು ಬರಬಾರದೆಂಬ ಫಲಕ ಬರುತ್ತದೆ, ಫಲಕದ ಹಿಂದೆ ಗೇಟು, ಗೇಟಿನ ಹಿಂದೆ ಟಿಕೆಟ್. ರಾತ್ರಿಯ ದೀಪ ನೀರುನಾಯಿಗೂ ಬೇಡ. ಕಾಂಕ್ರೀಟಿನ ಪಾಠ ಕಾಲುವೆಯಲ್ಲೇ ಸಿಗುತ್ತದೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಹಲವು ಇಂದಿಗೂ ಗದ್ದೆಗೆ ನೀರು ಉಣಿಸುತ್ತಿವೆ, ಆನೆಗೊಂದಿ ಕಾಲುವೆಯೂ ಅವುಗಳಲ್ಲಿ ಒಂದು. ಕಾಂಕ್ರೀಟ್ ಹೊದಿಸಿದ ಕಾಲುವೆಯಲ್ಲಿ ನೀರು ಸೋರುವುದು ಕಡಿಮೆಯಾಗುತ್ತದೆ, ಕೊನೆಯ ಗದ್ದೆಗೂ ಮುಟ್ಟುತ್ತದೆ, ರೈತನಿಗೆ ಅದು ದೊಡ್ಡ ಮಾತು. ಆದರೆ ಬಿದ್ದ ಕುರಿಮರಿಗೆ ಹತ್ತಿ ಬರಲು ಆ ನುಣುಪು ಇಳಿಜಾರಿನಲ್ಲಿ ಕಾಲೂರುವ ಜಾಗವಿಲ್ಲ. ನೀರಿಗೆ ಆ ಖರ್ಚು ಸರಿ. ನಮ್ಮ ಬೂಟಿಗೆ ಮಣ್ಣು ಮೆತ್ತಬಾರದೆಂದು ಅದೇ ಖರ್ಚನ್ನು ದಂಡೆಯಲ್ಲಿ ಮಾಡುವುದು ಸರಿಯಲ್ಲ. ದಾರಿಗೆ ಬೇಕಾದದ್ದು ಮಳೆಗಾಲ ಮುಗಿದ ಮೇಲೆ ಒಂದು ಸಲ ಜಾಲಿ ಸವರುವುದು, ಕೊರಕಲು ಬಿದ್ದ ಕಡೆ ಎರಡು ಬುಟ್ಟಿ ಗರಸು. ಪಂಚಾಯಿತಿಗೆ ಇದು ಭಾರವಲ್ಲ.

ನೀರಿನ ಬಗ್ಗೆ ಎಚ್ಚರಿಕೆ ಹೇಳದೆ ಮುಗಿಸಲಾರೆ. ಜುಲೈಯಿಂದ ಅಕ್ಟೋಬರ್‌ವರೆಗೆ ದಂಡೆಯ ದಾರಿ ಹೊಳೆಯ ಕೃಪೆಯಲ್ಲಿರುತ್ತದೆ. ನಮ್ಮ ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆ ಅಣೆಕಟ್ಟು ತುಂಬಿಸುತ್ತದೆ, 33 ಗೇಟುಗಳಲ್ಲಿ ಎಷ್ಟು ತೆರೆಯುತ್ತಾರೋ ಅಷ್ಟು ನೀರು ಇಲ್ಲಿಗೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ಆ ಗೇಟೊಂದರಿಂದಲೇ ಸುಮಾರು 35,000 ಕ್ಯುಸೆಕ್ ಹರಿಯಿತು, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹೊರಹರಿವು ಹೆಚ್ಚಿದ ಸುದ್ದಿ ಕೇಳಿದ ದಿನ ಕಾಲುವೆಯ ಬದಿಯ ಅರ್ಧ ಸುತ್ತು ಮಾತ್ರ ಮಾಡಿ. ಬೇಸಿಗೆಯಲ್ಲಿ ಹೊಳೆ ಬಡವಾದಂತೆ ಕಂಡರೂ ಬಂಡೆಗಳ ನಡುವಿನ ಮಡುಗಳು ಆಳ, ಒಳಸುಳಿ ಮೇಲೆ ಕಾಣುವುದಿಲ್ಲ. 2025ರ ಫೆಬ್ರವರಿಯಲ್ಲಿ ಸಣಾಪುರದ ಹತ್ತಿರ ಬಂಡೆಯ ಮೇಲಿಂದ ಜಿಗಿದ ಪ್ರವಾಸಿಯೊಬ್ಬರು ಜೀವ ಕಳೆದುಕೊಂಡರು, ಅದು ಮಳೆಗಾಲವೇ ಅಲ್ಲ. ಹೊಳೆಯಲ್ಲಿ ಮೊಸಳೆಯೂ ಇದೆ.

ಇನ್ನು ಪ್ರಶ್ನೆಗಳು.

ಒಬ್ಬ ಶಿಕ್ಷಕಿ ಕೇಳಿದರು: ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಧಾರಾಳವಾಗಿ, ಅಮ್ಮಾ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಸುತ್ತನ್ನು ಪೂರ್ತಿ ಮಾಡಲೇಬೇಕೆಂಬ ಹಟ ಬೇಡ, ಚಿಂತಾಮಣಿಯವರೆಗೆ ಹೋಗಿ ಮರಳಿದರೂ ಸಾಕು. ಹೊಳೆಮತ್ತಿಯ ಕಾಯಿಯ ರೆಕ್ಕೆ ಎಣಿಸಲು ಹೇಳಿ.

ಇನ್ನೊಬ್ಬರು ಚಿರತೆಯ ಬಗ್ಗೆ ಕೇಳಿದರು. ಸುತ್ತಲಿನ ಬೆಟ್ಟಗಳಲ್ಲಿ ಚಿರತೆ ಇದೆ, ಕರಡಿಯೂ ಇದೆ. 2020ರಲ್ಲಿ ಆನೆಗೊಂದಿಯ ಆಸುಪಾಸಿನಲ್ಲಿ ಚಿರತೆ ದಾಳಿಯಿಂದ ಜೀವ ಹೋಗಿದೆ. ಆದ್ದರಿಂದ ಸೂರ್ಯ ಮೇಲೆ ಬಂದ ನಂತರ ಹೊರಡಿ, ಸಂಜೆ ಕತ್ತಲಾಗುವ ಮುನ್ನ ಊರೊಳಗೆ ಇರಿ, ಒಬ್ಬರೇ ಬೆಟ್ಟದ ಬದಿಗೆ ಹತ್ತಬೇಡಿ.

ಸಾಕುನಾಯಿ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ ಯುವಕನಿಗೆ ನನ್ನ ಉತ್ತರ: ಬೇಡ ತಮ್ಮಾ. ಕಟ್ಟಿ ಹಿಡಿದುಕೊಂಡರೂ ಕುರಿ ಬೆದರುತ್ತದೆ, ಬಿಟ್ಟರೆ ಮಂದೆಯ ನಾಯಿಗಳು ಅದನ್ನು ಬಿಡುವುದಿಲ್ಲ.

ಕೊನೆಯದಾಗಿ, ಹೋಗುವುದು ಹೇಗೆ? ಗಂಗಾವತಿಯಿಂದ ಆನೆಗೊಂದಿ ಹತ್ತು ಹನ್ನೆರಡು ಕಿಲೋಮೀಟರ್. ಸಾರಿಗೆ ಬಸ್ ಇದೆ, ಹಂಚಿಕೊಂಡು ಹೋಗುವ ಆಟೊಗಳೂ ಸಿಗುತ್ತವೆ. ಕಾರು ತಂದವರು ಊರೊಳಗೇ ನಿಲ್ಲಿಸಿ. ಹೊಳೆಗೆ ಇಳಿಯುವ ಬಾಯಿಯಲ್ಲಿ ನಿಲ್ಲಿಸಿದರೆ ಗೊನೆ ತುಂಬಿದ ಗಾಡಿ ಹೊರಗೆ ಬರಲಾರದು. ಕುಡಿಯುವ ನೀರನ್ನು ಮನೆಯಿಂದಲೇ ತನ್ನಿ, ಬಾಟಲಿಯನ್ನು ಮನೆಗೇ ವಾಪಸ್ ಒಯ್ಯಿರಿ.